ಲಾಕರ್ ಬೇಕಾ, ಎಲ್‌ಎಸ್‌ಡಿ ಸಾಕಾ? ಕೆಸರಲ್ಲಿ ಚಕ್ರ ತಿರುಗುವ ಲೆಕ್ಕ ಮತ್ತು ರಸ್ತೆಯ ರಾಜಕೀಯ

ಮಳೆಗಾಲದಲ್ಲಿ ಮಲೆನಾಡಿನ ಮಣ್ಣುರಸ್ತೆಗಳಲ್ಲಿ ಓಡಾಡುವವರಿಗೆಲ್ಲ ಈ ದೃಶ್ಯ ಗೊತ್ತು. ಏರಿನಲ್ಲಿ ಜೀಪು ನಿಂತುಬಿಡುತ್ತೆ. ಒಂದು ಚಕ್ರ ಕೆಸರಲ್ಲಿ ಗಿರ್ರನೆ ತಿರುಗುತ್ತಿರುತ್ತೆ, ಅದರ ಜೋಡಿ ಚಕ್ರ ಗಟ್ಟಿ ನೆಲದ ಮೇಲಿದ್ದರೂ ಅಲ್ಲಾಡುವುದಿಲ್ಲ. ಎಂಜಿನ್‌ನಲ್ಲಿ ಶಕ್ತಿ ಬೇಕಾದಷ್ಟಿದೆ, ಡೀಸೆಲ್ ಉರಿಯುತ್ತಿದೆ, ಗಾಡಿ ಮಾತ್ರ ಇದ್ದಲ್ಲೇ ಇದೆ. ಇದಕ್ಕೆ ಕಾರಣ ಎರಡು ಚಕ್ರಗಳ ನಡುವೆ ಕೂತಿರುವ ಡಿಫರೆನ್ಷಿಯಲ್ ಎಂಬ ಗೇರುಗಳ ಗುಂಪು. ಇದಕ್ಕೆ ಮದ್ದು ಅಂತ ಮಾರುಕಟ್ಟೆಯಲ್ಲಿ ಎರಡು ಹೆಸರು ಓಡುತ್ತವೆ: ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದ್ರೆ ಎಲ್‌ಎಸ್‌ಡಿ, ಮತ್ತು ಡಿಫರೆನ್ಷಿಯಲ್ ಲಾಕರ್.

ಕಳೆದ ಕೆಲವು ವರ್ಷಗಳಲ್ಲಿ ಥಾರ್, ಜಿಮ್ನಿ, ಗೂರ್ಖಾ, ಹೈಲಕ್ಸ್ ಥರದ ಗಾಡಿಗಳು ಬಂದಮೇಲೆ ಈ ಪದಗಳು ಷೋರೂಮಿನಿಂದ ಇನ್‌ಸ್ಟಾಗ್ರಾಂ ರೀಲ್ಸ್‌ವರೆಗೆ ಎಲ್ಲ ಕಡೆ ಕೇಳಿಸುತ್ತಿವೆ. ಆದ್ರೆ ಯಾವುದು ಯಾರಿಗೆ ಬೇಕು ಅನ್ನೋದನ್ನ ಬಿಡಿಸಿ ಹೇಳುವವರು ಕಡಿಮೆ. ಇದನ್ನು ನಿರ್ಧರಿಸಬೇಕಾದದ್ದು ನಿಮ್ಮ ರಸ್ತೆ, ನಿಮ್ಮ ಕೆಲಸ ಮತ್ತು ಸ್ಟಿಯರಿಂಗ್ ಹಿಡಿಯುವವರು. ಬ್ರೋಷರ್ ಅಲ್ಲ. ಆ ಲೆಕ್ಕವನ್ನು ನೀವೇ ಮಾಡಿಕೊಳ್ಳಲು ಬೇಕಾದ ವಿವರ ಇಲ್ಲಿದೆ.

ಡಿಫರೆನ್ಷಿಯಲ್ ಇರೋದು ಯಾಕೆ?

ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಗಟ್ಟಿ ಕಂಬಿಗೆ ಕಟ್ಟಿಬಿಟ್ಟರೆ ಒಂದು ಚಕ್ರ ಉಜ್ಜಿಕೊಂಡೇ ಹೋಗಬೇಕಾಗುತ್ತೆ. ಟೈರು ಸವೆಯುತ್ತೆ, ಸ್ಟಿಯರಿಂಗ್ ಮಾತು ಕೇಳಲ್ಲ. ಎರಡು ಚಕ್ರಕ್ಕೂ ಬೇರೆಬೇರೆ ವೇಗದಲ್ಲಿ ಓಡಲು ಬಿಡುವ ಈ ಗೇರು ವ್ಯವಸ್ಥೆಯನ್ನು ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ರೂಪಿಸಿದ್ದ. ಇವತ್ತಿಗೂ ಹೆಚ್ಚಿನ ಕಾರು, ಜೀಪು, ಲಾರಿಗಳಲ್ಲಿ ಇರುವುದು ಅದೇ ತತ್ವ. ಇದನ್ನು ಓಪನ್ ಡಿಫರೆನ್ಷಿಯಲ್ ಅಂತಾರೆ.

ಇದರಲ್ಲಿ ಒಂದು ತೊಡಕಿದೆ. ವೇಗವನ್ನು ಹೇಗೆ ಬೇಕಾದರೂ ಹಂಚಿಕೊಳ್ಳಲು ಬಿಡುವ ಈ ಯಂತ್ರ, ತಿರುಗಿಸುವ ಬಲವನ್ನು ಮಾತ್ರ ಎರಡೂ ಕಡೆಗೆ ಸಮವಾಗಿಯೇ ಕೊಡುತ್ತೆ. ಜಾರುವ ಚಕ್ರ ಎಷ್ಟು ಬಲ ತಡೆದುಕೊಳ್ಳುತ್ತೋ, ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ. "ಎಲ್ಲಾ ಶಕ್ತಿ ಜಾರುವ ಚಕ್ರಕ್ಕೆ ಹೋಗಿಬಿಡುತ್ತೆ" ಅಂತ ಜನ ಹೇಳೋದು ಪೂರ್ತಿ ಸರಿಯಲ್ಲ. ದುರ್ಬಲ ಚಕ್ರದ ಮಿತಿಯೇ ಇಬ್ಬರ ಮಿತಿಯೂ ಆಗುತ್ತೆ ಅನ್ನೋದು ಸರಿಯಾದ ಮಾತು.

ಒಂದು ಸರಳ ಲೆಕ್ಕ ನೋಡಿ. 1,800 ಕೆ.ಜಿ. ತೂಕದ ಜೀಪು, ಆರು ಅಡಿಗೆ ಒಂದು ಅಡಿ ಏರುವ ರಸ್ತೆ. ಹತ್ತಲು ಸುಮಾರು 300 ಕೆ.ಜಿ.ಯಷ್ಟು ತಳ್ಳುಬಲ ಬೇಕು. ಹಿಂದಿನ ಎಡಚಕ್ರ ಕೆಸರಲ್ಲಿದೆ, ಅದು ಜಾರುವ ಮುಂಚೆ 60 ಕೆ.ಜಿ. ಮಾತ್ರ ತಳ್ಳಬಲ್ಲದು. ಬಲಚಕ್ರ ಗಟ್ಟಿ ನೆಲದಲ್ಲಿದೆ, 315 ಕೆ.ಜಿ.ವರೆಗೆ ತಳ್ಳುವ ತಾಕತ್ತಿದೆ. ಓಪನ್ ಡಿಫರೆನ್ಷಿಯಲ್ ಇದ್ದರೆ ಸಿಗುವುದು 60 ಮತ್ತು 60, ಒಟ್ಟು 120. ಗಾಡಿ ಹತ್ತಲ್ಲ.

ಫೋರ್ ಬೈ ಫೋರ್ ಇದ್ದರೂ ಯಾಕೆ ಸಿಕ್ಕಿಕೊಳ್ಳುತ್ತೆ?

ಫೋರ್ ವೀಲ್ ಡ್ರೈವ್ ಹಾಕಿದರೆ ನಾಲ್ಕೂ ಚಕ್ರ ಒಟ್ಟಿಗೆ ದುಡಿಯುತ್ತವೆ ಅನ್ನೋದು ದೊಡ್ಡ ತಪ್ಪು ತಿಳಿವಳಿಕೆ. ಜೀಪುಗಳಲ್ಲಿರುವ ಸಾಮಾನ್ಯ ಫೋರ್ ಬೈ ಫೋರ್ ವ್ಯವಸ್ಥೆ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಒಂದಕ್ಕೊಂದು ಕಟ್ಟುತ್ತೆ ಅಷ್ಟೇ. ಪ್ರತಿ ಆಕ್ಸಲ್ ಒಳಗೆ ಎಡ-ಬಲದ ನಡುವೆ ಓಪನ್ ಡಿಫರೆನ್ಷಿಯಲ್ ಹಾಗೇ ಕೂತಿರುತ್ತೆ. ಮೇಲಿನ ಲೆಕ್ಕದಲ್ಲೇ ಮುಂದಿನ ಚಕ್ರಗಳ ಸ್ಥಿತಿಯೂ ಹಾಗೇ ಇದ್ದರೆ, ಮುಂದೆ 120, ಹಿಂದೆ 120, ಒಟ್ಟು 240. ಇನ್ನೂ 60 ಕೆ.ಜಿ. ಸಾಲದು.

ರಸ್ತೆಯಲ್ಲಿ ಅಡ್ಡಲಾಗಿ ಕೊರೆದ ನೀರಿನ ಕಾಲುವೆ ದಾಟುವಾಗ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಗಾಳಿಯಲ್ಲಿ ತೂಗಾಡುತ್ತವೆ. ಭಾರವೆಲ್ಲ ಉಳಿದೆರಡರ ಮೇಲೆ. ಗಾಳಿಯಲ್ಲಿರುವ ಎರಡು ಚಕ್ರ ತಿರುಗುತ್ತವೆ, ನೆಲದಲ್ಲಿರುವ ಎರಡು ಸುಮ್ಮನಿರುತ್ತವೆ. ನಾಲ್ಕು ಚಕ್ರದ ಗಾಡಿ ಎರಡು ಗುಂಡಿಗೆ ಸೋತುಹೋಗುತ್ತೆ.

ಎಲ್‌ಎಸ್‌ಡಿ: ಸ್ವಲ್ಪ ಜಾರಲಿ, ಪೂರ್ತಿ ಬೇಡ

ಹೆಸರೇ ಹೇಳುವಂತೆ ಎಲ್‌ಎಸ್‌ಡಿ ಜಾರುವಿಕೆಗೆ ಒಂದು ಮಿತಿ ಹಾಕುತ್ತೆ. ಒಂದು ಚಕ್ರ ಜಾರತೊಡಗಿದರೆ ಇನ್ನೊಂದಕ್ಕೆ ಹೆಚ್ಚು ಬಲ ದಾಟಿಸುತ್ತೆ. ಇದರಲ್ಲಿ ಮೂರು ಮುಖ್ಯ ಬಗೆ.

ಮೊದಲನೆಯದು ಕ್ಲಚ್ ಪ್ಲೇಟ್ ಎಲ್‌ಎಸ್‌ಡಿ. ಡಿಫರೆನ್ಷಿಯಲ್ ಒಳಗೆ ಸಣ್ಣ ಕ್ಲಚ್ ಪ್ಲೇಟುಗಳು ಸ್ಪ್ರಿಂಗ್ ಒತ್ತಡದಲ್ಲಿ ಕೂತು ಎರಡು ಚಕ್ರದ ವೇಗ ತೀರಾ ಬೇರೆಯಾಗದಂತೆ ಹಿಡಿಯುತ್ತವೆ. ಅಗ್ಗ, ಸರಳ. ಆದ್ರೆ ಪ್ಲೇಟುಗಳು ಸವೆಯುತ್ತವೆ, ಸವೆದಂತೆ ಹಿಡಿತವೂ ಹೋಗುತ್ತೆ. ತಯಾರಕರು ಹೇಳಿದ ವಿಶೇಷ ಗೇರ್ ಆಯಿಲ್ಲೇ ಹಾಕಬೇಕು. ಮಾಮೂಲಿ ಆಯಿಲ್ ಹಾಕಿದರೆ ತಿರುವಿನಲ್ಲಿ ಕಟಕಟ ನಡುಗುತ್ತೆ.

ಎರಡನೆಯದು ಗೇರ್ ಎಲ್‌ಎಸ್‌ಡಿ. ಅಮೆರಿಕದ ವರ್ನಾನ್ ಗ್ಲೀಸ್‌ಮನ್ 1950ರ ದಶಕದಲ್ಲಿ ರೂಪಿಸಿದ ಟಾರ್ಸೆನ್, ಈಟನ್ ಕಂಪನಿಯ ಟ್ರೂಟ್ರ್ಯಾಕ್ ಈ ಜಾತಿಯವು. ಅಮೆರಿಕ ಸೇನೆಯ ಹಂವಿಯಲ್ಲಿರುವುದು ಟಾರ್ಸೆನ್. ಇದರಲ್ಲಿ ಸವೆಯುವ ಪ್ಲೇಟಿಲ್ಲ, ಸದ್ದಿಲ್ಲ, ಚಾಲಕನಿಗೆ ಇದೆ ಅಂತಲೇ ಗೊತ್ತಾಗಲ್ಲ. ಇದರ ಕೆಲಸ ಗುಣಾಕಾರದ್ದು. ಜಾರುವ ಚಕ್ರ ತಡೆದುಕೊಳ್ಳುವ ಬಲದ ಇಷ್ಟು ಪಟ್ಟು ಇನ್ನೊಂದಕ್ಕೆ ಕೊಡುತ್ತೇನೆ ಅನ್ನುತ್ತೆ. ಮೂರು ಪಟ್ಟು ಅಂತಿಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ಹಿಂದಿನ ಆಕ್ಸಲ್‌ಗೆ 60 ಮತ್ತು 180, ಒಟ್ಟು 240. ಮುಂದಿನ ಓಪನ್ ಆಕ್ಸಲ್‌ನ 120 ಸೇರಿಸಿ, 360. ಜೀಪು ಹತ್ತಿತು.

ಆದ್ರೆ ಚಕ್ರ ಗಾಳಿಯಲ್ಲಿದ್ದರೆ? ಸೊನ್ನೆಯ ಮೂರು ಪಟ್ಟು ಸೊನ್ನೆಯೇ. ಎಲ್‌ಎಸ್‌ಡಿಯ ಮಿತಿ ಇಲ್ಲಿದೆ. ಅನುಭವಿ ಚಾಲಕರು ಇಂಥ ಕಡೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡ್ತಾರೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕಿನಿಂದ ಒಂದಿಷ್ಟು ತಡೆ ಸಿಕ್ಕರೆ, ಅದರ ಗುಣಾಕಾರ ಇನ್ನೊಂದು ಚಕ್ರಕ್ಕೆ ಹೋಗುತ್ತೆ.

ಮೂರನೆಯದು ವಿಸ್ಕಸ್ ಬಗೆ. ದಪ್ಪ ಸಿಲಿಕೋನ್ ದ್ರವದ ತಡೆಯಿಂದ ಕೆಲಸ ಮಾಡುತ್ತೆ. ಹೆಚ್ಚು ಹೊತ್ತು ಒದ್ದಾಡಿದರೆ ಬಿಸಿಯಾಗುತ್ತೆ, ವಯಸ್ಸಾದಂತೆ ಮೆತ್ತಗಾಗುತ್ತೆ. ಕಷ್ಟದ ದಾರಿಗೆ ಅಂತ ಹೊಸದಾಗಿ ಆರಿಸಿಕೊಳ್ಳುವ ಸರಕಲ್ಲ.

ಬ್ರೇಕ್‌ನಿಂದ ಮಾಡುವ ಎಲ್‌ಎಸ್‌ಡಿ

ಈಗಿನ ಗಾಡಿಗಳಲ್ಲಿ ಇನ್ನೊಂದು ಉಪಾಯ ಬಂದಿದೆ. ಡಿಫರೆನ್ಷಿಯಲ್ ಓಪನ್ ಆಗಿಯೇ ಇರುತ್ತೆ. ಎಬಿಎಸ್ ಸೆನ್ಸರ್‌ಗಳು ಯಾವ ಚಕ್ರ ಜಾರುತ್ತಿದೆ ಅಂತ ನೋಡಿ, ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತವೆ. ಮಾರುತಿ ಜಿಮ್ನಿಯಲ್ಲಿರುವುದು ಇದೇ.

ರೈತ ಕುಟುಂಬದವರಿಗೆ ಇದು ಹೊಸದೇನಲ್ಲ. ಟ್ರ್ಯಾಕ್ಟರಿನಲ್ಲಿ ಎಡ-ಬಲ ಹಿಂಚಕ್ರಗಳಿಗೆ ಬೇರೆಬೇರೆ ಬ್ರೇಕ್ ಪೆಡಲ್ ಇರುತ್ತೆ. ಗದ್ದೆಯಲ್ಲಿ ಒಂದು ಚಕ್ರ ಜಾರಿದಾಗ ಆ ಕಡೆಯ ಬ್ರೇಕ್ ಒತ್ತಿ ಇನ್ನೊಂದು ಕಡೆಗೆ ಬಲ ದಾಟಿಸುವುದು ಹಳೆಯ ಉಪಾಯ. ಚಾಲಕನ ಕಾಲು ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತಿದೆ.

ಇದರ ಲಾಭ: ಹೆಚ್ಚುವರಿ ಯಂತ್ರಭಾಗ ಬೇಡ, ಟಾರು ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ, ಮುಂದೆ-ಹಿಂದೆ ಎರಡೂ ಆಕ್ಸಲ್‌ಗೆ ಕೆಲಸ ಮಾಡಬಲ್ಲದು. ನಷ್ಟ: ಚಕ್ರ ಸ್ವಲ್ಪ ಹೊತ್ತು ತಿರುಗಿದ ಮೇಲೆಯೇ ಅದಕ್ಕೆ ಗೊತ್ತಾಗೋದು, ಅಷ್ಟರಲ್ಲಿ ಗಾಡಿಯ ಓಟ ನಿಂತಿರುತ್ತೆ. ಎಂಜಿನ್ ಶಕ್ತಿಯ ಒಂದು ಭಾಗ ಬ್ರೇಕಿನ ಬಿಸಿಯಾಗಿ ಹೋಗುತ್ತೆ. ಉದ್ದದ ಏರಿನಲ್ಲಿ ಮತ್ತೆ ಮತ್ತೆ ಬಳಸಿದರೆ ಬ್ರೇಕ್ ಕಾದುಹೋಗುತ್ತೆ. ಇಂಥ ಗಾಡಿ ಓಡಿಸುವವರು ಚಕ್ರ ತಿರುಗಿದ ತಕ್ಷಣ ಹೆದರಿ ಆಕ್ಸಿಲರೇಟರ್ ಬಿಡಬಾರದು. ಹದವಾಗಿ ಒತ್ತಿ ಹಿಡಿದರೆ ಮಾತ್ರ ವ್ಯವಸ್ಥೆಗೆ ಕೆಲಸ ಮಾಡಲು ಅವಕಾಶ ಸಿಗುತ್ತೆ.

ಲಾಕರ್: ಎರಡು ಚಕ್ರ, ಒಂದೇ ಕಂಬಿ

ಲಾಕರ್ ಅಂದ್ರೆ ಡಿಫರೆನ್ಷಿಯಲ್‌ನ ಕೆಲಸವನ್ನೇ ನಿಲ್ಲಿಸಿ ಎಡ-ಬಲ ಚಕ್ರಗಳನ್ನು ಒಂದಾಗಿ ಕಟ್ಟುವುದು. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ನಮ್ಮ ಲೆಕ್ಕದಲ್ಲಿ ಕೆಸರಿನ ಚಕ್ರ 60 ಕೊಟ್ಟರೆ, ಗಟ್ಟಿ ನೆಲದ ಚಕ್ರ ಬೇಕಾದ 240ನ್ನು ಕೊಡುತ್ತೆ. ಫೋರ್ ಬೈ ಫೋರ್ ಹಾಕದೆ ಹಿಂದಿನ ಆಕ್ಸಲ್ ಒಂದರಿಂದಲೇ 300 ತುಂಬಿತು. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೂ ಇನ್ನೊಂದು ದುಡಿಯುತ್ತೆ.

ಇದನ್ನೂ ನಮ್ಮ ಹಳ್ಳಿಗಳು ದಶಕಗಳಿಂದ ಬಳಸುತ್ತಿವೆ. ಟ್ರ್ಯಾಕ್ಟರ್ ಚಾಲಕನ ಹಿಮ್ಮಡಿ ಹತ್ತಿರದ ಸಣ್ಣ ಪೆಡಲ್ ಡಿಫರೆನ್ಷಿಯಲ್ ಲಾಕೇ. ಹತ್ತು ಚಕ್ರದ ಟಿಪ್ಪರ್‌ಗಳಲ್ಲಿ ಎರಡು ಹಿಂದಿನ ಆಕ್ಸಲ್‌ಗಳನ್ನು ಕಟ್ಟುವ ಲಾಕ್ ಕೂಡ ಇದೇ ಕುಟುಂಬದ್ದು. ಟ್ರ್ಯಾಕ್ಟರ್ ಕಲಿಸುವವರು ಹೇಳುವ ಎರಡು ಎಚ್ಚರಿಕೆ ಜೀಪಿಗೂ ಅನ್ವಯಿಸುತ್ತವೆ: ಚಕ್ರ ಜೋರಾಗಿ ತಿರುಗುತ್ತಿರುವಾಗ ಲಾಕ್ ಹಾಕಬೇಡಿ, ಲಾಕ್ ಹಾಕಿಕೊಂಡು ತಿರುಗಿಸಬೇಡಿ.

ಲಾಕರ್‌ಗಳಲ್ಲೂ ಬಗೆಗಳಿವೆ.

ಚಾಲಕ ಬೇಕಾದಾಗ ಹಾಕುವ ಲಾಕರ್. ಸ್ವಿಚ್ ಒತ್ತಿದರೆ ಗಾಳಿಯ ಒತ್ತಡದಿಂದಲೋ, ವಿದ್ಯುತ್ತಿನಿಂದಲೋ, ಲಿವರ್ ಎಳೆದರೆ ಕೇಬಲ್‌ನಿಂದಲೋ ಲಾಕ್ ಆಗುತ್ತೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಏರ್ ಲಾಕರ್ ಗಾಳಿಯದ್ದಕ್ಕೆ ಹೆಸರಾಂತ ಉದಾಹರಣೆ. ಲಾಕ್ ತೆಗೆದಾಗ ಅದು ಮಾಮೂಲಿ ಓಪನ್ ಡಿಫರೆನ್ಷಿಯಲ್, ಟಾರು ರಸ್ತೆಯಲ್ಲಿ ಗಾಡಿಯ ಗುಣ ಬದಲಾಗಲ್ಲ. ಗಾಳಿಯದ್ದಕ್ಕೆ ಕಂಪ್ರೆಸರ್, ಪೈಪು, ಸೀಲುಗಳ ಉಸಾಬರಿ. ವಿದ್ಯುತ್ತಿನದ್ದಕ್ಕೆ ಕೆಸರಲ್ಲಿ ಹರಿಯಬಹುದಾದ ವೈರು, ತುಕ್ಕು ಹಿಡಿಯುವ ಕನೆಕ್ಟರ್.

ತಾನಾಗಿ ಲಾಕ್ ಆಗುವ ಬಗೆ ಒಂದೇ ಥರದ್ದಲ್ಲ. ಅಮೆರಿಕದ ಡೆಟ್ರಾಯಿಟ್ ಲಾಕರ್ ಯಾವಾಗಲೂ ಲಾಕ್ ಆಗಿಯೇ ಇದ್ದು, ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡಿದಾಗ ಮಾತ್ರ ಬಿಟ್ಟುಕೊಡುತ್ತೆ. ಗಟ್ಟಿಮುಟ್ಟು, ಸ್ವಿಚ್ಚಿಲ್ಲ, ವೈರಿಲ್ಲ. ಆದ್ರೆ ತಿರುವಿನಲ್ಲಿ ಟಕಟಕ ಸದ್ದು, ಇದ್ದಕ್ಕಿದ್ದಂತೆ ಹಿಡಿದು-ಬಿಡುವ ಎಳೆತ. ಮಳೆಯಲ್ಲಿ ನೆನೆದ ಘಾಟಿ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಜೋರಾಗಿ ಕೊಟ್ಟರೆ ಗಾಡಿಯ ಹಿಂಭಾಗ ಹೊರಗೆ ಜಾರಬಹುದು. ದಿನವೂ ಟಾರು ರಸ್ತೆಯಲ್ಲಿ ಓಡುವ, ಮನೆಮಂದಿಯೆಲ್ಲ ಓಡಿಸುವ ಗಾಡಿಗೆ ಇದು ಬೇಡ.

ಈಟನ್‌ನ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್, ಅಂದ್ರೆ ಎಂಎಲ್‌ಡಿ, ಇದಕ್ಕೆ ಉಲ್ಟಾ. ಸಾಮಾನ್ಯವಾಗಿ ಓಪನ್. ಎಡ-ಬಲ ಚಕ್ರದ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದಾಗ ಒಳಗಿನ ತೂಕದ ತುಂಡುಗಳು ಹೊರಚಿಮ್ಮಿ ಕೊಂಡಿ ಹಾಕುತ್ತವೆ. ಗಂಟೆಗೆ ಸುಮಾರು 30 ಕಿ.ಮೀ. ದಾಟಿದ ಮೇಲೆ ಲಾಕ್ ಬೀಳಲ್ಲ. ಚಾಲಕನಿಗೆ ಏನೂ ಕೆಲಸವಿಲ್ಲ. ಆದ್ರೆ ಚಕ್ರ ಒಮ್ಮೆ ಜಾರಿದ ಮೇಲೆಯೇ ಲಾಕ್ ಬೀಳೋದು, ಅದೂ ಧಡಕ್ಕನೆ. ಕಲ್ಲುಗಳ ಮೇಲೆ ಇಂಚಿಂಚು ಹೋಗುವ ಜಾಗದಲ್ಲಿ ಈ ಧಡಕ್ ಅಪಾಯಕಾರಿ.

ನಮ್ಮಲ್ಲಿ ಸಿಗುವ ಗಾಡಿಗಳಲ್ಲಿ ಏನಿದೆ?

2020ರಲ್ಲಿ ಬಂದ ಮೂರು ಬಾಗಿಲಿನ ಥಾರ್ ತನ್ನ ಮೇಲ್ದರ್ಜೆಯ ಆವೃತ್ತಿಯಲ್ಲಿ ಹಿಂದಿನ ಆಕ್ಸಲ್‌ಗೆ ಎಂಎಲ್‌ಡಿ ತಂದಿತು. 2024ರ ಥಾರ್ ರಾಕ್ಸ್‌ನ ಫೋರ್ ಬೈ ಫೋರ್‌ನಲ್ಲಿ ಸ್ವಿಚ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಲಾಕ್ ಹಿಂದೆ ಇದೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಆಕ್ಸಲ್‌ಗೆ ಚಾಲಕನೇ ಹಾಕುವ ಲಾಕ್ ಇದೆ, ಭಾರತದಲ್ಲಿ ತಯಾರಾಗುವ ಗಾಡಿಗಳಲ್ಲಿ ಇದು ಅಪರೂಪ. ಟೊಯೊಟಾ ಹೈಲಕ್ಸ್ ಪಿಕಪ್‌ನಲ್ಲಿ ಹಿಂದೆ ಎಲೆಕ್ಟ್ರಾನಿಕ್ ಲಾಕ್. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಎರಡೂ ಕಡೆ. ಜಿಮ್ನಿಯಲ್ಲಿ ಬ್ರೇಕ್ ಎಲ್‌ಎಸ್‌ಡಿ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಹೆಸರು ಬೊಲೆರೊ ನಿಯೋ. ಇದು ಟೂ ವೀಲ್ ಡ್ರೈವ್ ಗಾಡಿ. ಆದರೂ ಇದರ ಒಂದು ಆವೃತ್ತಿಯಲ್ಲಿ ಹಿಂದಿನ ಆಕ್ಸಲ್‌ಗೆ ಎಂಎಲ್‌ಡಿ ಕೊಟ್ಟಿದ್ದಾರೆ. ಒಂದು ಕೆಸರುಗುಂಡಿ ದಾಟಿ ಮನೆ ಸೇರಬೇಕಾದ ಕುಟುಂಬಕ್ಕೆ, ಓಪನ್ ಡಿಫರೆನ್ಷಿಯಲ್‌ನ ದುಬಾರಿ ಫೋರ್ ಬೈ ಫೋರ್‌ಗಿಂತ ಇಂಥದ್ದು ಸಾಕಾಗಬಹುದು ಅನ್ನೋದು ನಮ್ಮ ಲೆಕ್ಕದಿಂದಲೇ ಗೊತ್ತಾಗುತ್ತೆ.

ಆದ್ರೆ ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಜನರನ್ನು ಹೊತ್ತೊಯ್ಯುವ, ತೋಟದಿಂದ ಅಡಿಕೆ-ಕಾಫಿ ಇಳಿಸುವ ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ಇರುವುದು ಓಪನ್ ಡಿಫರೆನ್ಷಿಯಲ್ಲೇ. ಅವರು ಅದನ್ನು ಟೈರಿಗೆ ಕಟ್ಟುವ ಚೈನು, ಕಡಿಮೆ ಗೇರು ಮತ್ತು ದಾರಿಯ ಪ್ರತಿ ಕಲ್ಲಿನ ಪರಿಚಯದಿಂದ ಸರಿದೂಗಿಸುತ್ತಾರೆ.

ಯಾರಿಗೆ ಯಾವುದು?

• ಹೆಚ್ಚಿನ ಓಡಾಟ ಟಾರು ರಸ್ತೆ, ವರ್ಷಕ್ಕೆ ನಾಲ್ಕೈದು ಸಲ ಮಣ್ಣುದಾರಿ: ಗಾಡಿಯಲ್ಲಿ ಬ್ರೇಕ್ ಎಲ್‌ಎಸ್‌ಡಿ ಇದ್ದರೆ ಅಷ್ಟೇ ಸಾಕು. ದುಡ್ಡನ್ನು ಟೈರಿಗೆ ಹಾಕಿ.

• ದಿನವೂ ಮಣ್ಣುರಸ್ತೆ, ಕೆಸರಿನ ಏರು, ಒಬ್ಬರಿಗಿಂತ ಹೆಚ್ಚು ಜನ ಓಡಿಸುವ ಮನೆಗಾಡಿ: ಹಿಂದೆ ಗೇರ್ ಎಲ್‌ಎಸ್‌ಡಿ ಒಳ್ಳೆಯದು. ಯಾರೂ ಏನೂ ನೆನಪಿಟ್ಟುಕೊಳ್ಳಬೇಕಿಲ್ಲ, ಮರೆತು ಲಾಕ್ ಹಾಕಿಕೊಂಡೇ ಟಾರಿಗೆ ಹೋಗುವ ಭಯವಿಲ್ಲ.

• ಬಂಡೆ, ಆಳದ ಕೊರಕಲು, ಚಕ್ರ ಗಾಳಿಗೇಳುವ ದಾರಿ: ಚಾಲಕ ಹಾಕುವ ಲಾಕರ್ ಹಿಂದೆ ಇರಲಿ. ಇಲ್ಲಿ ಎಲ್‌ಎಸ್‌ಡಿ ಸೋಲುತ್ತೆ.

• ಬಾಡಿಗೆ ಜೀಪು, ತೋಟದ ಪಿಕಪ್, ದಿನಕ್ಕೆ ನಾಲ್ಕು ಟ್ರಿಪ್: ರಿಪೇರಿ ಹತ್ತಿರದ ಊರಲ್ಲೇ ಆಗುವಂಥದ್ದನ್ನೇ ಆರಿಸಿ. ಬಿಡಿಭಾಗ ಬರಲು ಒಂದು ತಿಂಗಳು ಕಾಯಬೇಕಾದ ಲಾಕರ್, ಒಂದು ತಿಂಗಳ ಬಾಡಿಗೆ ನುಂಗುತ್ತೆ.

• ಮರಳು, ಕಡಲತೀರ: ಲಾಕರ್‌ಗಿಂತ ಟೈರಿನ ಗಾಳಿ ಇಳಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತೆ.

• ಮುಂದೆಯೂ ಲಾಕರ್ ಬೇಕಾ? ಸ್ಪರ್ಧೆ ಅಥವಾ ತೀರಾ ಕಷ್ಟದ ದಾರಿ ಇಲ್ಲದಿದ್ದರೆ ಬೇಡ. ಮುಂದಿನ ಲಾಕ್ ಹಾಕಿದರೆ ಸ್ಟಿಯರಿಂಗ್ ಕಲ್ಲಾಗುತ್ತೆ, ಗಾಡಿ ನೇರ ಹೋಗಲು ಹಟ ಮಾಡುತ್ತೆ, ತಿರುಗಿಸಿದ ಚಕ್ರದ ಜಾಯಿಂಟ್‌ಗಳು ಮುರಿಯುವ ಸಾಧ್ಯತೆ ಹೆಚ್ಚು. ಏರಿನಲ್ಲಿ ಭಾರ ಹಿಂದಕ್ಕೆ ವಾಲುವುದರಿಂದ ಮೊದಲ ಲಾಕರ್ ಯಾವಾಗಲೂ ಹಿಂದಿನ ಆಕ್ಸಲ್‌ಗೇ.

ಬ್ರೋಷರ್‌ನಲ್ಲಿ ಇಲ್ಲದ ಅಪಾಯಗಳು

ಒಂದು, ಪಕ್ಕಕ್ಕೆ ವಾಲಿದ ರಸ್ತೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ ಇರುವ ಜಾರು ಮಣ್ಣಿನ ರಸ್ತೆಯಲ್ಲಿ ಓಪನ್ ಡಿಫರೆನ್ಷಿಯಲ್‌ನ ಒಂದು ಗುಣ ನಮ್ಮನ್ನು ಕಾಪಾಡುತ್ತೆ. ಒಂದು ಚಕ್ರ ಜಾರಿದರೂ ಇನ್ನೊಂದು ನಿಂತಿದ್ದು ಗಾಡಿಯನ್ನು ಜಾಗದಲ್ಲಿ ಹಿಡಿಯುತ್ತೆ. ಲಾಕ್ ಹಾಕಿದ್ದರೆ ಎರಡೂ ಒಟ್ಟಿಗೆ ತಿರುಗಿ, ಎರಡೂ ಒಟ್ಟಿಗೆ ಹಿಡಿತ ಕಳೆದುಕೊಂಡು, ಗಾಡಿ ಕೆಳಗಿನ ಬದಿಗೆ ಸರಿಯುತ್ತೆ. ಮಲೆನಾಡಿನಲ್ಲಿ ಓಡಿಸುವವರು ಮೊದಲು ಕಲಿಯಬೇಕಾದ ಪಾಠ ಇದು.

ಎರಡು, ಆಕ್ಸಲ್ ಮುರಿತ. ಓಪನ್‌ನಲ್ಲಿ ಪ್ರತಿ ಆಕ್ಸಲ್ ಶಾಫ್ಟ್‌ಗೆ ಬರೋದು ಅರ್ಧ ಬಲ. ಲಾಕ್ ಆದಾಗ ಹಿಡಿತ ಇರುವ ಒಂದೇ ಶಾಫ್ಟ್ ಪೂರ್ತಿ ಬಲ ಹೊರಬೇಕಾಗಬಹುದು. ಅದರ ಮೇಲೆ ದೊಡ್ಡ ಟೈರು ಹಾಕಿ, ತಿರುಗುತ್ತಿರುವ ಚಕ್ರ ಥಟ್ಟನೆ ಕಲ್ಲು ಕಚ್ಚಿದರೆ ಶಾಫ್ಟ್ ಕಟ್.

ಮೂರು, ಅತಿ ಧೈರ್ಯ. ಓಪನ್ ಡಿಫರೆನ್ಷಿಯಲ್‌ನ ಗಾಡಿ ಕಷ್ಟದ ಜಾಗದ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತೆ. ಲಾಕರ್ ಹಾಕಿದ್ದು ಅರ್ಧ ಕಿಲೋಮೀಟರ್ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಆದ್ದರಿಂದ ಮೊದಲು ಲಾಕ್ ಇಲ್ಲದೆ ಪ್ರಯತ್ನಿಸಿ, ಹೊರಬರಲು ಲಾಕ್ ಉಳಿಸಿಕೊಳ್ಳಿ ಅನ್ನೋದು ಹಳಬರ ಮಾತು.

ಹಾಕಿಸುವ ಮುಂಚೆ

ಮೊದಲು ಟೈರು. ನುಣ್ಣಗಾದ ಟೈರಿಗೆ ಲಾಕರ್ ಹಾಕುವುದು ಚಪ್ಪಲಿ ಸವೆದವನಿಗೆ ಊರುಗೋಲು ಕೊಟ್ಟಂತೆ. ನಂತರ ಗಾಳಿ. ಕೆಸರು, ಕಲ್ಲಿಗೆ 32ರ ಆಸುಪಾಸಿನಲ್ಲಿರುವ ಗಾಳಿಯನ್ನು 20 ಪಿಎಸ್‌ಐ ಸುತ್ತಮುತ್ತ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತೆ. ಖರ್ಚು ಒಂದು ಗೇಜು, ಒಂದು ಪಂಪು. ಟಾರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಬೇಕು, ಮರೆತರೆ ಟೈರು ಬಿಸಿಯಾಗಿ ಸಿಡಿಯಬಹುದು. ಇಷ್ಟೆಲ್ಲ ಮಾಡಿಯೂ ಸಾಲದು ಅನ್ನಿಸಿದರೆ ಆಗ ಲಾಕರ್.

ಹಾಕುವ ಕೆಲಸ ಸೂಕ್ಷ್ಮದ್ದು. ಕ್ರೌನ್-ಪಿನಿಯನ್ ಬಿಚ್ಚಿ, ಮತ್ತೆ ಕೂರಿಸುವಾಗ ಹಲ್ಲುಗಳ ನಡುವಿನ ಸಡಿಲ ಎಷ್ಟಿರಬೇಕು ಅನ್ನೋದನ್ನ ಡಯಲ್ ಗೇಜಿನಿಂದ ಅಳೆದು, ಹಲ್ಲಿಗೆ ಬಣ್ಣ ಬಳಿದು ಎಲ್ಲಿ ತಾಗುತ್ತಿದೆ ಅಂತ ನೋಡಬೇಕು. ಅಂದಾಜಿನಲ್ಲಿ ಕೂರಿಸಿದರೆ ಗಾಡಿ ಊಳಿಡುತ್ತೆ, ಸ್ವಲ್ಪ ದಿನಕ್ಕೆ ಹಲ್ಲು ತಿಂದುಹೋಗುತ್ತೆ. ಮೆಕ್ಯಾನಿಕ್‌ಗೆ "ಡಯಲ್ ಗೇಜ್ ಇದೆಯಾ ಅಣ್ಣ?" ಅಂತ ಕೇಳಿ. ಆ ಉತ್ತರದಲ್ಲೇ ಅರ್ಧ ಗೊತ್ತಾಗುತ್ತೆ. ಹೊಳೆ ದಾಟಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡಿಸಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ತಕ್ಷಣ ಬದಲಿಸಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದೈತ್ಯ ಟೈರು, ಎತ್ತರಿಸಿದ ಬಾಡಿ ಹೊರಗೇ ಕಾಣುವುದರಿಂದ ಮೊದಲು ಸಿಕ್ಕಿಬೀಳುತ್ತವೆ. ಲಾಕರ್ ಹೌಸಿಂಗ್ ಒಳಗೆ ಅಡಗಿರುತ್ತೆ ಅಂತ ನಿಶ್ಚಿಂತೆ ಬೇಡ. ವಾರಂಟಿ ಮತ್ತು ವಿಮೆಯವರಿಂದ ಲಿಖಿತ ಉತ್ತರ ತೆಗೆದುಕೊಂಡೇ ಮುಂದುವರಿಯಿರಿ. ಸಾಧ್ಯವಾದರೆ ಕಂಪನಿಯಿಂದಲೇ ಲಾಕರ್ ಇರುವ ಗಾಡಿ ಕೊಳ್ಳುವುದು ಸುರಕ್ಷಿತ.

ಹಳೆ ಗಾಡಿ ಕೊಳ್ಳುವಾಗ ಪರೀಕ್ಷೆ

"ಎಲ್‌ಎಸ್‌ಡಿ ಇದೆ ಸಾರ್" ಅಂತ ಮಾರುವವರು ಹೇಳಿದರೆ ಹೀಗೆ ನೋಡಿ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಓಪನ್. ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ ಅಥವಾ ಲಾಕರ್ ಕೆಲಸ ಮಾಡುತ್ತಿದೆ. ಎಂಎಲ್‌ಡಿ ಮತ್ತು ಕೆಲವು ಗೇರ್ ಎಲ್‌ಎಸ್‌ಡಿಗಳು ಈ ಪರೀಕ್ಷೆಯಲ್ಲಿ ಓಪನ್ ಥರವೇ ಕಾಣುತ್ತವೆ, ಅವನ್ನು ಕೆಸರಲ್ಲೇ ನೋಡಬೇಕು. ಒಂದೇ ಚಕ್ರ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕುವ ಸಾಹಸ ಮಾತ್ರ ಬೇಡವೇ ಬೇಡ. ನೆಲದಲ್ಲಿರುವ ಚಕ್ರಕ್ಕೆ ಬಲ ಹೋಗಿ ಗಾಡಿ ಜಾಕ್ ಮೇಲಿಂದ ನೆಗೆಯುತ್ತೆ.

ಕಾಡು, ರಸ್ತೆ ಮತ್ತು ಹಿಡಿತದ ಹಕ್ಕು

ತಿರುಗುವ ಚಕ್ರ ನೆಲ ಅಗೆಯುತ್ತೆ. ಅಗೆದ ಗೀರು ಒಂದು ಮಳೆಗೆ ಕಾಲುವೆಯಾಗುತ್ತೆ, ಎರಡು ಮಳೆಗೆ ಕೊರಕಲಾಗುತ್ತೆ. ಆ ಲೆಕ್ಕದಲ್ಲಿ ಜಾರದೆ ನಿಧಾನವಾಗಿ ಹತ್ತುವ ಲಾಕರ್ ಗಾಡಿ, ಎಂಜಿನ್ ಕಿರುಚಿಸಿ ಮಣ್ಣು ಹಾರಿಸುವ ಗಾಡಿಗಿಂತ ನೆಲಕ್ಕೆ ಸೌಮ್ಯ. ಆದ್ರೆ ಅದೇ ಲಾಕರ್ ಹೋಗಬಾರದ ಹುಲ್ಲುಗಾವಲಿಗೂ ಗಾಡಿಯನ್ನು ಮುಟ್ಟಿಸುತ್ತೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದೊಳಗಿದೆ. ಅಭಯಾರಣ್ಯ ಪ್ರವೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧವಿದೆ. ಗಾಡಿಗೆ ಹತ್ತುವ ಸಾಮರ್ಥ್ಯ ಇದೆ ಅನ್ನೋದು ಹತ್ತುವ ಹಕ್ಕಾಗಲ್ಲ.

ಇನ್ನೊಂದು ಕಡೆ, ನಿಜವಾಗಿ ಹಿಡಿತ ಬೇಕಾದವರ ಮಾತು. 2000ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶಗಳಲ್ಲಿ 500 ಜನರಿರುವ ಜನವಸತಿಯನ್ನು, ಗುಡ್ಡಗಾಡು ಎಂದು ಗುರುತಿಸಿದ ರಾಜ್ಯಗಳು, ಮರುಭೂಮಿ, ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿರುವ ಜನವಸತಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಕರ್ನಾಟಕ ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಮಲೆನಾಡಿನಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. 500 ಜನ ಒಟ್ಟಿಗೆ ಸಿಗುವುದು ಎಲ್ಲಿ? ರೋಗಿಯನ್ನು ಜೋಲಿಯಲ್ಲಿ ಹೊತ್ತು ತಂದ ಸುದ್ದಿ ಪಶ್ಚಿಮಘಟ್ಟದ ಹಳ್ಳಿಗಳಿಂದ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತೆ. ಆ ಕೊನೆಯ ಮೂರು ಕಿಲೋಮೀಟರ್ ದಾಟಿಸುವುದು ಯಾವುದೋ ಹಳೆಯ ಜೀಪು, ಅದರ ಚೈನು ಕಟ್ಟಿದ ಟೈರು.

ಹಾಗಿರುವಾಗ ಹಿಡಿತದ ತಂತ್ರಜ್ಞಾನ ದುಬಾರಿ ಆವೃತ್ತಿಗಳ ಅಲಂಕಾರವಾಗಿ, ವಾರಾಂತ್ಯದ ಮೋಜಾಗಿ ಮಾರಾಟವಾಗುತ್ತಿರುವುದನ್ನು ಗಮನಿಸಲೇಬೇಕು. ಟೂ ವೀಲ್ ಡ್ರೈವ್ ಗಾಡಿಗೂ ಲಾಕರ್ ಕೊಡಬಹುದು ಅಂತ ಬೊಲೆರೊ ನಿಯೋ ತೋರಿಸಿದೆ. ಅದನ್ನೇ ಹಳ್ಳಿಯ ಸರಕು ಪಿಕಪ್‌ಗೆ, ಗುಡ್ಡದೂರಿನ ಆಂಬುಲೆನ್ಸ್‌ಗೆ ಕೊಡಿ ಅಂತ ಕೇಳುವುದು ದುರಾಸೆಯ ಬೇಡಿಕೆಯಲ್ಲ. ಸರ್ಕಾರ ಗುಡ್ಡಗಾಡು ತಾಲ್ಲೂಕುಗಳಿಗೆ ವಾಹನ ಖರೀದಿಸುವಾಗ ಟೆಂಡರ್‌ನಲ್ಲಿ "ಹಿಂದಿನ ಆಕ್ಸಲ್‌ಗೆ ಡಿಫರೆನ್ಷಿಯಲ್ ಲಾಕ್ ಇರತಕ್ಕದ್ದು" ಅಂತ ಒಂದು ಸಾಲು ಸೇರಿಸಬಹುದು. ನಿಮ್ಮ ಜಿಲ್ಲೆಯಲ್ಲಿ ಕಳೆದ ಸಲ ಕೊಂಡ ಆಂಬುಲೆನ್ಸ್‌ಗಳ ತಾಂತ್ರಿಕ ವಿವರ ಏನಿತ್ತು ಅನ್ನೋದನ್ನ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಅರ್ಜಿ ಶುಲ್ಕ ಹತ್ತು ರೂಪಾಯಿ. ಒಳ್ಳೆಯ ರಸ್ತೆಗೆ ಲಾಕರ್ ಪರ್ಯಾಯವಲ್ಲ ನಿಜ, ಆದ್ರೆ ರಸ್ತೆ ಬರುವ ತನಕದ ಮಳೆಗಾಲಗಳನ್ನು ಆ ಊರಿನವರು ದಾಟಲೇಬೇಕಲ್ಲ.